ರೆಡ್‌ಬಡ್‌ನ ಕೆಸರಿನಲ್ಲಿ ಐದು ದಿನ

ಗುರುವಾರ, ಸೆಪ್ಟೆಂಬರ್ 22, 2022

ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಭಾವ ಹೊರಗೆ ಬಂದಾಗ ಒಂದು ಕೈಯಲ್ಲಿ ಅಕ್ಕ ಕಳಿಸಿದ ಚಕ್ಕುಲಿ ಡಬ್ಬ ಇತ್ತು. ಇನ್ನೊಂದು ಕೈಯಲ್ಲಿ ಕಿತ್ತಳೆ ಬಣ್ಣದ ಟೋಪಿ, ನೆದರ್ಲೆಂಡ್ಸ್ ಅಭಿಮಾನಿಗಳ ಬಣ್ಣ. ಹೇಗಿದ್ದೀಯ, ಮಕ್ಕಳು ಹೇಗಿದ್ದಾರೆ ಅಂತ ಕೇಳಲಿಲ್ಲ. "ಈ ಸಲವಾದ್ರೂ ನಿಮ್ಮೋರು ಗೆಲ್ತಾರೇನೋ?" ಎಂದರು.

ನಿಮ್ಮೋರು ಅಂದರೆ ಅಮೆರಿಕದವರು. ನಾನಿರುವುದು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಅಕ್ಕ–ಭಾವ ಇರುವುದು ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್‌ನಲ್ಲಿ. ಅವರ ಮನೆಯಿಂದ ಸ್ವಲ್ಪ ದೂರ ಹೋದರೆ ವಾಲ್ಕನ್ಸ್‌ವಾರ್ಡ್‌ನ ಮೋಟೋಕ್ರಾಸ್ ಟ್ರ್ಯಾಕ್, ಅಂದರೆ ಮಣ್ಣಿನ ಏರುತಗ್ಗಿನ ಮೇಲೆ ಬೈಕ್ ರೇಸ್ ನಡೆಯುವ ಜಾಗ. ಗಡಿ ದಾಟಿದರೆ ಬೆಲ್ಜಿಯಂನ ಲೊಮ್ಮೆಲ್. ಮೋಟೋಕ್ರಾಸ್ ಲೋಕದಲ್ಲಿ ಲೊಮ್ಮೆಲ್‌ನ ಮರಳು ಅಂದರೆ ಸವಾರರೇ ಬೆವರುತ್ತಾರೆ. ಭಾವ ಅಲ್ಲಿನ ಒಂದು ರೇಸನ್ನೂ ಬಿಡುವುದಿಲ್ಲ. ನಾನು ಪ್ರತಿ ಜುಲೈನಲ್ಲಿ ಮಿಷಿಗನ್‌ನ ರೆಡ್‌ಬಡ್ ಟ್ರ್ಯಾಕ್‌ಗೆ ಹೋಗುತ್ತೇನೆ. ಹಾಗಾಗಿ ಎಷ್ಟೋ ವರ್ಷಗಳಿಂದ ನಮ್ಮಿಬ್ಬರ ನಡುವೆ ಒಂದೇ ಜಗಳ. ಜಾಸ್ತಿ ವೇಗ ಯಾರದ್ದು? ಅಮೆರಿಕದ ಚಾಂಪಿಯನ್‌ಷಿಪ್‌ನಲ್ಲಿ ಓಡುವವರದ್ದೋ, ಯುರೋಪಿನಲ್ಲಿ ಬೇರುಬಿಟ್ಟಿರುವ ವಿಶ್ವ ಚಾಂಪಿಯನ್‌ಷಿಪ್ ಎಂಎಕ್ಸ್‌ಜಿಪಿಯವರದ್ದೋ?

ಈ ಜಗಳ ತೀರುವುದು ವರ್ಷಕ್ಕೆ ಒಂದೇ ಸಲ. ಅದು ಮೋಟೋಕ್ರಾಸ್ ಆಫ್ ನೇಷನ್ಸ್. 1947ರಲ್ಲಿ ನೆದರ್ಲೆಂಡ್ಸ್‌ನ ವಾಸೆನಾರ್‌ನಲ್ಲಿ ಶುರುವಾದ ಪಂದ್ಯ. ಒಂದು ದೇಶಕ್ಕೆ ಮೂವರು ಸವಾರರು. ಈ ವರ್ಷ ಅದು ರೆಡ್‌ಬಡ್‌ಗೆ ಬಂದಿದೆ. ಭಾವ ರಜೆ ಹಾಕಿ ಬಂದುಬಿಟ್ಟರು.

ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. 2018ರಲ್ಲಿ ಇದೇ ರೆಡ್‌ಬಡ್‌ನಲ್ಲಿ ಅಮೆರಿಕ ಆರನೇ ಸ್ಥಾನಕ್ಕೆ ಇಳಿದಿತ್ತು. ಫ್ರಾನ್ಸ್ ಸತತ ಐದನೇ ಸಲ ಗೆದ್ದಿತ್ತು. ನೆದರ್ಲೆಂಡ್ಸ್‌ನ ಗ್ಲೆನ್ ಕೋಲ್ಡನ್‌ಹಾಫ್ ಆ ಕೆಸರಿನಲ್ಲಿ ತಾನು ಓಡಿದ ಎರಡೂ ರೇಸ್ ಗೆದ್ದಿದ್ದರು. ಆ ದಿನ ನಾನು ಬೇಲಿಗೆ ಒರಗಿ ನಿಂತಿದ್ದೆ. ನನ್ನ ಸುತ್ತ ಇದ್ದ ಸಾವಿರಾರು ಜನ ನಿಧಾನಕ್ಕೆ ಮೌನವಾದದ್ದು ಇನ್ನೂ ನೆನಪಿದೆ.

ಶುಕ್ರವಾರ, ಸೆಪ್ಟೆಂಬರ್ 23

ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಇಂಡಿಯಾನಾ ದಾಟಿ ಸೌತ್ ಬೆಂಡ್ ಊರಿನ ಹತ್ತಿರ ಬಡಗಣಕ್ಕೆ ತಿರುಗಿದರೆ ಮಿಷಿಗನ್. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಎರಡೂ ಬದಿಗೆ ಒಣಗುತ್ತಿರುವ ಜೋಳದ ಹೊಲ, ಸೇಬಿನ ತೋಟ, ಮನೆ ಮುಂದೆ ಕುಂಬಳಕಾಯಿ ರಾಶಿ. ಬುಕಾನನ್ ಅನ್ನುವ ಸಣ್ಣ ಊರು. ಅದರ ಹೊರಗೆ ಕಾಡಿನ ನಡುವೆ ರೆಡ್‌ಬಡ್.

ಕಾರಿನಲ್ಲಿ ಭಾವ ತಮ್ಮ ಹಳೆಯ ಅಸ್ತ್ರ ತೆಗೆದರು. "2017 ಮರೆತೆಯಾ?"

ಮರೆಯುವುದು ಹೇಗೆ? ಆ ಆಗಸ್ಟ್‌ನಲ್ಲಿ ನಾನು ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ನಲ್ಲಿದ್ದೆ. ಐರನ್‌ಮ್ಯಾನ್ ಟ್ರ್ಯಾಕ್, ಅಮೆರಿಕದ ಚಾಂಪಿಯನ್‌ಷಿಪ್‌ನ ಕೊನೆಯ ರೌಂಡ್. ನೆದರ್ಲೆಂಡ್ಸ್‌ನ ಜೆಫ್ರಿ ಹರ್ಲಿಂಗ್ಸ್ ಒಂದೇ ಒಂದು ರೇಸ್‌ಗೆ ಅಂತ ಬಂದರು, ಆ ರೌಂಡನ್ನು ಗೆದ್ದು ಹೋದರು. ಮುಂದಿನ ವಾರ ಫ್ಲೋರಿಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ರೌಂಡ್‌ನಲ್ಲೂ ಅವರೇ ಗೆದ್ದರು. ಅಮೆರಿಕದ ಮಣ್ಣಿನಲ್ಲಿ, ಅಮೆರಿಕದ ಸವಾರರ ಎದುರು. ಇದಕ್ಕೆ ನನ್ನ ಉತ್ತರ ಒಂದೇ. ಅವತ್ತು ಅಮೆರಿಕದ ಎಲೈ ಟೋಮ್ಯಾಕ್‌ಗೆ ಚಾಂಪಿಯನ್‌ಷಿಪ್ ಉಳಿಸಿಕೊಂಡರೆ ಸಾಕಿತ್ತು. ಬಿದ್ದು ಕೈ ಮುರಿದುಕೊಳ್ಳುವಷ್ಟು ಸಾಹಸ ಬೇಕಿರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2016ರಲ್ಲಿ, ಎಂಎಕ್ಸ್‌ಜಿಪಿ ಅಮೆರಿಕಕ್ಕೆ ಬಂದಾಗ ಶಾರ್ಲಟ್‌ನಲ್ಲೂ ಗ್ಲೆನ್ ಹೆಲೆನ್‌ನಲ್ಲೂ ಇದೇ ಟೋಮ್ಯಾಕ್ ಗೆದ್ದಿದ್ದರು.

ಭಾವ ಸುಮ್ಮನಾಗಲಿಲ್ಲ. "ಹಾಗಾದ್ರೆ ವಿಲ್ಲೋಪೋಟೋ?" ಎಂದರು. ರಯಾನ್ ವಿಲ್ಲೋಪೋಟೋ ಅಮೆರಿಕದಲ್ಲಿ ಎಲ್ಲ ಗೆದ್ದು, 2015ರಲ್ಲಿ ಎಂಎಕ್ಸ್‌ಜಿಪಿಗೆ ಹೋದರು. ಥಾಯ್ಲೆಂಡ್ ರೌಂಡ್ ಗೆದ್ದರು. ನಾಲ್ಕನೇ ರೌಂಡ್‌ನಲ್ಲಿ, ಇಟಲಿಯ ಟ್ರೆಂಟೀನೋದಲ್ಲಿ ಬಿದ್ದರು. ಅಲ್ಲಿಗೆ ಅವರ ರೇಸಿಂಗ್ ಮುಗಿಯಿತು. ಅದನ್ನು ಸೋಲು ಅಂತ ನಾನು ಕರೆಯುವುದಿಲ್ಲ. ಆದರೆ ಅದು ಗೆಲುವೂ ಆಗಿರಲಿಲ್ಲ.

ಮಧ್ಯಾಹ್ನ ಬೇಲಿಯ ಪಕ್ಕದಲ್ಲೇ ಟ್ರ್ಯಾಕ್ ಸುತ್ತಿದೆವು. ಭಾವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದರು. ಮರಳು ಬೆರೆತ ಕಪ್ಪು ಮಣ್ಣು. "ಲೊಮ್ಮೆಲ್‌ನ ಮರಳಲ್ಲಿ ಕಾಲಿಟ್ಟರೆ ಕಣಕಾಲು ತನಕ ಇಳಿಯುತ್ತೆ ಕಣೋ. ಇದು ಹಿಡ್ಕೊಳ್ಳುತ್ತೆ" ಎಂದರು.

ನನ್ನ ಪ್ರಕಾರ ನಮ್ಮ ಜಗಳದ ಅರ್ಧ ಉತ್ತರ ಆ ಹಿಡಿ ಮಣ್ಣಿನಲ್ಲೇ ಇತ್ತು. ಅಮೆರಿಕದಲ್ಲಿ ಎಲ್ಲ ಒಂದೇ ದಿನ, ಶನಿವಾರ. ಬೆಳಿಗ್ಗೆ ಅರ್ಹತೆ, ಮಧ್ಯಾಹ್ನ ಎರಡು ರೇಸ್, ಅವಕ್ಕೆ ಮೋಟೋ ಅನ್ನುತ್ತಾರೆ. ಒಂದೊಂದು ಮೋಟೋ 30 ನಿಮಿಷ ಮತ್ತೆ ಎರಡು ಸುತ್ತು. ಬೆಳಗಾಗುವ ಮೊದಲೇ ಟ್ರ್ಯಾಕನ್ನು ಟ್ರ್ಯಾಕ್ಟರ್‌ನಿಂದ ಆಳವಾಗಿ ಉತ್ತು ನೀರು ಹಾಯಿಸಿರುತ್ತಾರೆ. ಸಂಜೆಗೆ ಗಾಲಿ ಕೊರೆದ ಕಾಲುವೆಗಳು ಮೊಣಕಾಲೆತ್ತರ ಬೀಳುತ್ತವೆ. ಇವಕ್ಕೆ ರಟ್ ಅನ್ನುತ್ತಾರೆ. ಆ ರಟ್ ಒಳಗೆ ಬೈಕನ್ನು ಹಳಿ ಮೇಲೆ ರೈಲು ಓಡಿಸಿದ ಹಾಗೆ ಓಡಿಸಬೇಕು. ಎಂಎಕ್ಸ್‌ಜಿಪಿಯದು ಎರಡು ದಿನದ ಆಟ. ಶನಿವಾರ ಅರ್ಹತೆ, ಭಾನುವಾರ ಎರಡು ಮೋಟೋ. ಅದರ ಮಧ್ಯೆ ಹುಡುಗರ ಯುರೋಪಿಯನ್ ಚಾಂಪಿಯನ್‌ಷಿಪ್ ರೇಸ್‌ಗಳೂ ಅದೇ ನೆಲದ ಮೇಲೆ. ಒಂದು ವಾರ ಮರಳು, ಮುಂದಿನ ವಾರ ಇಟಲಿಯ ಗುಡ್ಡದ ಸಿಮೆಂಟಿನಂಥ ನೆಲ. ಟೈರ್ ಜಾರುವ ಜಾಗದಲ್ಲಿ ಬಲಗೈ ಎಷ್ಟು ತಿರುಗಿಸಬೇಕು ಅನ್ನುವುದು ಯುರೋಪಿನ ಸವಾರರ ಮೈಗೇ ಗೊತ್ತಿರುತ್ತದೆ.

ಶನಿವಾರ, ಸೆಪ್ಟೆಂಬರ್ 24

ಏಳು ಗಂಟೆಗೆಲ್ಲ ಹುಲ್ಲಿನ ಪಾರ್ಕಿಂಗ್ ತುಂಬಿತ್ತು. ಹೊಗೆ, ಕಾಫಿ, ಹಂದಿಮಾಂಸ ಸುಡುವ ವಾಸನೆ. ಡೇರೆಗಳ ನಡುವಿಂದ ಯಾರೋ ಒಬ್ಬರು "ರೆ...ಡ್... ಬ...ಡ್!" ಅಂತ ಕೂಗುತ್ತಾರೆ. ಆಚೆ ಗುಡ್ಡದಿಂದ ನೂರು ಜನ ಅದನ್ನೇ ತಿರುಗಿ ಕೂಗುತ್ತಾರೆ. ಇಡೀ ರಾತ್ರಿ ಹೀಗೇ ನಡೆದಿರುತ್ತದೆ. ಭಾವ ಮೊದಲ ಸಲ ಕೇಳಿದ್ದು. ಮಧ್ಯಾಹ್ನದ ಹೊತ್ತಿಗೆ ಅವರೂ ಕೂಗುತ್ತಿದ್ದರು.

ಮೊದಲು ಹೋಗಿದ್ದು ಪಿಟ್‌ಗೆ, ತಂಡಗಳು ಬೈಕ್ ಸಿದ್ಧ ಮಾಡುವ ಜಾಗಕ್ಕೆ. ನನಗೆ ಬೈಕ್ ನೋಡಬೇಕಿತ್ತು. ಇಲ್ಲೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಟಿವಿಯಲ್ಲಿ ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ಬಣ್ಣ ಒಂದೇ, ಹೆಸರು ಒಂದೇ, ಆದರೆ ಅಮೆರಿಕದ ಬೈಕೂ ಎಂಎಕ್ಸ್‌ಜಿಪಿ ಬೈಕೂ ಒಂದೇ ಅಲ್ಲ. ಅಮೆರಿಕದಲ್ಲಿ 1986ರಿಂದ ಒಂದು ನಿಯಮ ಇದೆ. ಅಂಗಡಿಯಲ್ಲಿ ನೀವು ನಾನು ಕೊಂಡುಕೊಳ್ಳುವ ಬೈಕನ್ನೇ ರೇಸ್ ಬೈಕಿಗೆ ಬುನಾದಿ ಮಾಡಿಕೊಳ್ಳಬೇಕು. ಫ್ರೇಮ್, ಎಂಜಿನ್ನಿನ ಮುಖ್ಯ ಭಾಗಗಳು ಅದರದ್ದೇ ಇರಬೇಕು. ಸಸ್ಪೆನ್ಷನ್, ಸೈಲೆನ್ಸರ್, ಎಂಜಿನ್ನಿನ ಒಳಗಿನ ಕೆಲಸ ತಂಡಕ್ಕೆ ಬಿಟ್ಟದ್ದು. ಅದಕ್ಕೆ ಮೊದಲು ಜಪಾನಿನ ಕಂಪನಿಗಳು ಕೈಯಲ್ಲೇ ಮಾಡಿದ, ಯಾರಿಗೂ ಸಿಗದ ಬೈಕ್ ತರುತ್ತಿದ್ದವು. ಖರ್ಚು ಕೈಮೀರಿತ್ತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಕಟ್ಟು ಇಲ್ಲ. ಕಂಪನಿ ಬಯಸಿದರೆ ಮುಂದಿನ ವರ್ಷದ ಎಂಜಿನ್ನನ್ನೇ ಈಗ ತಂದು ಓಡಿಸಬಹುದು.

ಹಾಗಂತ ಅಮೆರಿಕದ ಬೈಕ್ ಬಡವನ ಬೈಕ್ ಅಂತ ತಿಳಿಯಬೇಡಿ. ತಂಡದ 450 ಸಿಸಿ ಬೈಕಿಗೆ 60 ಕುದುರೆ ಶಕ್ತಿಗಿಂತ ಜಾಸ್ತಿ ಇರುತ್ತದೆ. ತೂಕ ಎರಡೂ ಕಡೆ ಸುಮಾರು 100 ಕೆಜಿ. ಅಷ್ಟು ಶಕ್ತಿಯನ್ನು ಸವಾರ ಪೂರ್ತಿ ಬಳಸುವುದೇ ಇಲ್ಲ. ತಂಡಗಳು ತಲೆ ಕೆಡಿಸಿಕೊಳ್ಳುವುದು ಆ ಶಕ್ತಿ ಹಿಂದಿನ ಚಕ್ರಕ್ಕೆ ಎಷ್ಟು ಮೆತ್ತಗೆ ಬರಬೇಕು ಅನ್ನುವುದರ ಬಗ್ಗೆ. ಕೈರೋಲಿಯನ್ನೇ ನೋಡಿ. ಇಟಲಿಯ ಟೋನಿ ಕೈರೋಲಿ 450ಗಳ ನಡುವೆ 350 ಸಿಸಿ ಕೆಟಿಎಂ ಓಡಿಸಿ 2010ರಿಂದ ಸಾಲಾಗಿ ವಿಶ್ವ ಚಾಂಪಿಯನ್ ಆದರು. ಸಣ್ಣ ಎಂಜಿನ್, ಹಗುರ ಕೈ. ಯುರೋಪಿನ ಸುಸ್ತಾದ, ಜಾರುವ ಟ್ರ್ಯಾಕ್‌ಗಳಲ್ಲಿ ಅದು ಸಾಕಿತ್ತು. ಅಮೆರಿಕದ ಆಳ ಮಣ್ಣಿನಲ್ಲಿ, ಏರುಗುಡ್ಡದಲ್ಲಿ ಅದೇ 350 ಆ ಮಟ್ಟಕ್ಕೆ ಹಿಡಿಯಲಿಲ್ಲ. ಬೈಕನ್ನು ನೆಲದಿಂದ ಬೇರೆ ಮಾಡಿ ಮಾತಾಡಿದರೆ ಪ್ರಯೋಜನ ಇಲ್ಲ ಅನ್ನಿಸಿದ್ದು ಆಗಲೇ.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. 1997ರಲ್ಲಿ ಯಮಹಾ ಒಂದು 400 ಸಿಸಿ ನಾಲ್ಕು ಸ್ಟ್ರೋಕ್ ಬೈಕ್ ತಂದಿತು. ಅಂಗಡಿಯಲ್ಲಿ ಇನ್ನೂ ಬಂದಿರಲಿಲ್ಲ. ಅಮೆರಿಕದವರು ಆ ಒಂದು ವರ್ಷಕ್ಕೆ ಒಪ್ಪಿಗೆ ಕೊಟ್ಟರು. ಡಗ್ ಹೆನ್ರಿ ಅದೇ ಬೈಕಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸ್, ಅಂದರೆ ಸ್ಟೇಡಿಯಂ ಒಳಗಿನ ರೇಸ್, ಗೆದ್ದರು. ಮುಂದಿನ ವರ್ಷ ಅದು ವೈಜಡ್400ಎಫ್ ಆಗಿ ಅಂಗಡಿಗೆ ಬಂತು. ಕೆಲವೇ ವರ್ಷಗಳಲ್ಲಿ ಎರಡು ಸ್ಟ್ರೋಕಿನ ಹೊಗೆ ದೊಡ್ಡ ರೇಸ್‌ಗಳಿಂದ ಮಾಯವಾಯಿತು. ಎರಡೂ ಖಂಡಗಳಲ್ಲಿ.

ಅರ್ಹತಾ ರೇಸ್ ಶುರುವಾದಾಗ ನಾವು ಲಾರಾಕೋಸ್ ಲೀಪ್ ಹತ್ತಿರ ನಿಂತಿದ್ದೆವು. ಮೈಕ್ ಲಾರಾಕೋ ಹೆಸರಿನ ಜಂಪ್. ಏರುಗುಡ್ಡಕ್ಕೆ ಎಗರಿ, 120 ಅಡಿಗೂ ಹೆಚ್ಚು ದೂರ ಗಾಳಿಯಲ್ಲಿ ಹೋಗಿ ಇಳಿಯಬೇಕು. ಕೆಳಗೆ ನಿಂತರೆ ಬೈಕಿನ ಹೊಟ್ಟೆ ನೇರವಾಗಿ ನೆತ್ತಿಯ ಮೇಲೆ ಕಾಣುತ್ತದೆ. ಹಾರುವಾಗ ಎಂಜಿನ್ ಸದ್ದು ಒಂದು ಕ್ಷಣ ಕಡಿಮೆಯಾಗುತ್ತದೆ. ಜನ ಉಸಿರು ಹಿಡಿಯುತ್ತಾರೆ.

ಇಲ್ಲಿ ನಿಂತರೆ ಎರಡು ಶಾಲೆಗಳ ಪಾಠ ಕಣ್ಣಿಗೆ ಕಾಣುತ್ತದೆ. ಅಮೆರಿಕದಲ್ಲಿ ಬೆಳೆದವರು ಜನವರಿಯಿಂದ ಮೇ ತನಕ ಸ್ಟೇಡಿಯಂ ಒಳಗೆ ಸೂಪರ್‌ಕ್ರಾಸ್ ಓಡುತ್ತಾರೆ, 17 ರೌಂಡ್. ಗೋಡೆಯಂಥ ಜಂಪ್‌ಗಳು, ಒಂದಡಿ ತಪ್ಪಿದರೆ ಆಸ್ಪತ್ರೆ. ಅದಕ್ಕೇ ಅವರು ಜಂಪಿನ ತುದಿಯಲ್ಲಿ ಬೈಕನ್ನು ಪಕ್ಕಕ್ಕೆ ಮಲಗಿಸಿ, ಎತ್ತರ ಹೋಗದ ಹಾಗೆ ಕತ್ತರಿಸಿ, ಬೇಗ ನೆಲ ಮುಟ್ಟುತ್ತಾರೆ. ಇದೇ ಸ್ಕ್ರಬ್. ಜೇಮ್ಸ್ ಸ್ಟೀವರ್ಟ್ ಹೆಸರು ಮಾಡಿದ ವಿದ್ಯೆ. ಮೊದಲ ಸುತ್ತಿನಿಂದಲೇ ಪೂರ್ತಿ ವೇಗ. ಎಂಎಕ್ಸ್‌ಜಿಪಿಯವರು ವರ್ಷಪೂರ್ತಿ ಬಯಲಲ್ಲೇ ಓಡುತ್ತಾರೆ. ತಿರುವಿನಲ್ಲಿ ಜಾಸ್ತಿ ಹೊತ್ತು ನಿಂತೇ ಇರುತ್ತಾರೆ. ಯಾರೂ ಹೋಗದ ಹೊರಗಿನ ದಾರಿ ಹುಡುಕುತ್ತಾರೆ. 20 ನಿಮಿಷ ಆದಮೇಲೆ, ನೆಲ ಹಾಳಾದ ಮೇಲೆ, ಆ ಹುಡುಕಾಟಕ್ಕೆ ಬೆಲೆ ಬರುತ್ತದೆ. ರೇಸ್ ಶುರುವಾಗುವಾಗ ಗೇಟ್ ಬೀಳುವ ಜಾಗದಲ್ಲೂ ವ್ಯತ್ಯಾಸ. ಎಂಎಕ್ಸ್‌ಜಿಪಿಯವರು ಕಬ್ಬಿಣದ ಜಾಲರಿ ಮೇಲೆ ನಿಂತು ಹೊರಡುತ್ತಾರೆ. ಅಮೆರಿಕದ ಬಯಲು ರೇಸಿನಲ್ಲಿ ಮಣ್ಣಿನ ಮೇಲಿಂದಲೇ.

"ಒಪ್ಪಿಕೊಂಡೆ" ಎಂದರು ಭಾವ. "ಗಾಳಿಯಲ್ಲಿ ನಿಮ್ಮೋರು. ಆದ್ರೆ ನೆಲದ ಮೇಲೆ ನಮ್ಮೋರು."

ರಾತ್ರಿ ನೈಲ್ಸ್ ಊರಿನ ಒಂದು ಮೋಟೆಲ್‌ನಲ್ಲಿ ಉಳಿದೆವು. ಚಕ್ಕುಲಿ ಖಾಲಿಯಾಗುವ ತನಕ ಮಾತು. ಯಾರು ಯಾರ ಕಡೆ ಅಂತ ಲೆಕ್ಕ ಹಾಕಲು ಕೂತರೆ ಲೆಕ್ಕ ತಪ್ಪುತ್ತಲೇ ಹೋಯಿತು. ಫ್ರಾನ್ಸಿನ ಡೈಲನ್ ಫೆರಾಂಡಿಸ್ 2021ರ ಅಮೆರಿಕನ್ 450 ಚಾಂಪಿಯನ್. ಮಾರ್ವಿನ್ ಮುಸ್ಕಾಂ ಯುರೋಪಿನಲ್ಲಿ ವಿಶ್ವ ಚಾಂಪಿಯನ್ ಆಗಿ ವರ್ಷಗಳಿಂದ ಅಮೆರಿಕದಲ್ಲೇ ಓಡುತ್ತಿದ್ದಾರೆ. ಆಸ್ಟ್ರೇಲಿಯಾದ ಲಾರೆನ್ಸ್ ಅಣ್ಣತಮ್ಮಂದಿರು ಯುರೋಪಿನಲ್ಲಿ ಪಳಗಿ ಅಮೆರಿಕಕ್ಕೆ ಬಂದವರು. ಅಮೆರಿಕ ತಂಡದ ಮ್ಯಾನೇಜರ್ ರೋಜರ್ ಡಿ ಕೋಸ್ಟರ್ ಬೆಲ್ಜಿಯಂನವರು, ಐದು ಸಲ 500 ಸಿಸಿ ವಿಶ್ವ ಚಾಂಪಿಯನ್. 1981ರಲ್ಲಿ ಅವರೇ ನಾಲ್ಕು ಅಮೆರಿಕನ್ ಹುಡುಗರನ್ನು ಕರೆದುಕೊಂಡು ಹೋಗಿ, ತಮ್ಮ ದೇಶದ ಲೊಮ್ಮೆಲ್ ಮರಳಲ್ಲಿ, ಯುರೋಪನ್ನು ಸೋಲಿಸಿದ್ದರು. ಓಮಾರ, ಹ್ಯಾನ್ಸನ್, ಲಪೋರ್ಟ್, ಸನ್. ಆ ವರ್ಷದಿಂದ 1993ರ ತನಕ, 13 ವರ್ಷ ಸತತವಾಗಿ ಮೋಟೋಕ್ರಾಸ್ ಆಫ್ ನೇಷನ್ಸ್ ಅನ್ನು ಅಮೆರಿಕವೇ ಗೆದ್ದಿತು. 1986ರಲ್ಲಿ ಇಟಲಿಯ ಮಜೋರಾದಲ್ಲಿ ಜಾನಿ ಓಮಾರ 125 ಸಿಸಿ ಬೈಕಿನಲ್ಲಿ 500 ಸಿಸಿ ಬೈಕ್‌ಗಳನ್ನು ಹಿಂದೆ ಹಾಕಿದ ಕಥೆ ಹೇಳುವಾಗ ನನಗೆ ಈಗಲೂ ರೋಮ ನೆಟ್ಟಗಾಗುತ್ತದೆ.

ಮಾತು ನಮ್ಮ ಕಡೆಗೂ ತಿರುಗಿತು. ಭಾವ ಕಾಲೇಜಿನಲ್ಲಿದ್ದಾಗ ಬೆಂಗಳೂರಿಗೆ ಎಂಆರ್‌ಎಫ್ ಸೂಪರ್‌ಕ್ರಾಸ್ ನೋಡಲು ಹೋಗುತ್ತಿದ್ದರಂತೆ. ಅಂಥ ಮಣ್ಣಿನ ರೇಸ್‌ಗಳಿಂದಲೇ ಸಿ.ಎಸ್. ಸಂತೋಷ್ ಬಂದದ್ದು. 2015ರಲ್ಲಿ ಮರುಭೂಮಿಯ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ ಕೂಡ ಸೂಪರ್‌ಕ್ರಾಸ್‌ನಿಂದಲೇ ಡಾಕರ್‌ಗೆ ಹೋದವರು. "ನಮ್ಮ ಹುಡುಗರಿಗೆ ಚಿಕ್ಕ ವಯಸ್ಸಿನಲ್ಲೇ ಲೊಮ್ಮೆಲ್‌ನಂಥ ಒಂದು ಮರಳು ಸಿಕ್ಕಿದ್ದರೆ..." ಅಂತ ಭಾವ ಮಾತು ಅರ್ಧಕ್ಕೆ ನಿಲ್ಲಿಸಿದರು. ಇಲ್ಲಿ ಐದಾರು ವರ್ಷದ ಮಕ್ಕಳು 50 ಸಿಸಿ ಬೈಕಿನಲ್ಲಿ ಓಡುವುದನ್ನು ನೋಡಿದಾಗಲೆಲ್ಲ ನನಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಭಾನುವಾರ, ಸೆಪ್ಟೆಂಬರ್ 25

ಮೋಡ. ಮತ್ತೆ ಕೆಸರೇ ಅಂತ ಇಬ್ಬರಿಗೂ ಗೊತ್ತಾಯಿತು.

ಲೆಕ್ಕ ಸರಳ. ಮೂವರಲ್ಲಿ ಇಬ್ಬರಿಗೆ 450, ಒಬ್ಬರಿಗೆ 250. ಮೂರು ರೇಸ್. ಪ್ರತಿಯೊಬ್ಬರೂ ಎರಡು ಓಡುತ್ತಾರೆ. ಎಷ್ಟನೇ ಸ್ಥಾನವೋ ಅಷ್ಟು ಅಂಕ. ಆರರಲ್ಲಿ ಒಂದು ಕೆಟ್ಟ ಫಲಿತಾಂಶ ಬಿಡಬಹುದು. ಕಡಿಮೆ ಅಂಕ ಬಂದವರು ಗೆದ್ದಂತೆ. ಹಾಗಾಗಿ ಒಬ್ಬ ಸವಾರ ಎಷ್ಟೇ ವೇಗ ಇದ್ದರೂ ಸಾಲದು. ಮೂವರೂ ಬೀಳದೆ ಬರಬೇಕು. ಹರ್ಲಿಂಗ್ಸ್ ಕಾಲಿನ ಪೆಟ್ಟಿನಿಂದ ಈ ವರ್ಷ ಪೂರ್ತಿ ಓಡಲೇ ಇಲ್ಲ. ಭಾವನ ಟೋಪಿ ಬೆಳಿಗ್ಗೆಯಿಂದಲೇ ಸ್ವಲ್ಪ ತಗ್ಗಿತ್ತು.

ಅಮೆರಿಕ 2021ರಲ್ಲಿ ತಂಡವನ್ನೇ ಕಳಿಸಿರಲಿಲ್ಲ. ನಂಬರ್ ಕೊಡುವುದು ಹಿಂದಿನ ವರ್ಷದ ಸ್ಥಾನ ನೋಡಿ. ಹಾಗಾಗಿ ತಮ್ಮದೇ ಮನೆಯಂಗಳದಲ್ಲಿ ಎಲೈ ಟೋಮ್ಯಾಕ್ 101, ಜಸ್ಟಿನ್ ಕೂಪರ್ 102, ಚೇಸ್ ಸೆಕ್ಸ್‌ಟನ್ 103. 1, 2, 3 ಇದ್ದದ್ದು ಇಟಲಿಯವರ ಬೈಕಿನ ಮೇಲೆ.

ಮೊದಲ ರೇಸ್. 40 ಬೈಕ್‌ಗಳು ಒಟ್ಟಿಗೆ ಗೇಟ್ ಬಿಟ್ಟಾಗ ಕಾಲಡಿಯ ನೆಲ ನಡುಗಿತು. ಟೋಮ್ಯಾಕ್ ಗೆದ್ದರು. ಗುಡ್ಡದ ಮೇಲಿನ ಜನ ಕುಣಿದರು. ನನ್ನ ಗಂಟಲು ಬಿದ್ದೇ ಹೋಯಿತು. 2018ರ ಆ ಮೌನ ನೋಡಿದವನಿಗೆ ಈ ಕೂಗು ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಮಳೆ ಬಂತು. ಕೆಸರಿನಲ್ಲಿ ಎಲ್ಲ ಬದಲಾಗುತ್ತದೆ. ಮೆಕ್ಯಾನಿಕ್‌ಗಳು ಎಂಜಿನ್ ಕೆಳಗಿನ ತಟ್ಟೆ, ಕಾಲಿಡುವ ಜಾಗದ ಸಂದುಗಳಲ್ಲಿ ಸ್ಪಂಜು ತುರುಕುತ್ತಾರೆ, ಮಣ್ಣು ಕೂರಬಾರದು ಅಂತ. ಆದರೂ ಕೂರುತ್ತದೆ. ಸುತ್ತು ಕಳೆದಂತೆ ಬೈಕ್ ಭಾರವಾಗುತ್ತಾ ಹೋಗುತ್ತದೆ. ಕ್ಲಚ್ ಬಿಸಿಯಾಗುತ್ತದೆ. ಕನ್ನಡಕ ಮುಚ್ಚಿಹೋಗುತ್ತದೆ. ಅಂಗಡಿಯ ಫ್ರೇಮೋ ಕೈಯಲ್ಲಿ ಮಾಡಿದ ಫ್ರೇಮೋ ಅನ್ನುವ ಪ್ರಶ್ನೆಯೇ ಅಲ್ಲಿ ಉಳಿಯುವುದಿಲ್ಲ. ಮಿದುವಾಗಿ ಥ್ರಾಟಲ್ ಹಿಡಿಯುವವನು, ದಾರಿ ನೆನಪಿಟ್ಟುಕೊಳ್ಳುವವನು ಮುಂದೆ ಹೋಗುತ್ತಾನೆ. ಅದು ಯುರೋಪಿನವರ ವಿದ್ಯೆ ಅಂತ ನಾನೇ ನಿನ್ನೆ ಒಪ್ಪಿದ್ದೆ. ಆದರೆ ಇವತ್ತು ಸೆಕ್ಸ್‌ಟನ್, ಕೂಪರ್ ಕೂಡ ಅದನ್ನೇ ಮಾಡುತ್ತಿದ್ದರು. ಭಾವ ಅಂಗೈ ತಟ್ಟಿ, "ಈ ಹುಡುಗರು ನೆಲ ಓದ್ತಾರೆ ಕಣೋ" ಎಂದರು. ಅವರಿಂದ ಅಷ್ಟು ಬಂದರೆ ದೊಡ್ಡದು.

ಕೊನೆಯ ರೇಸಿನಲ್ಲಿ ನಾವಿಬ್ಬರೂ ಅಂಕ ಲೆಕ್ಕ ಹಾಕುತ್ತಾ ನಿಂತೆವು. ಒದ್ದೆ ಬೆರಳಿಗೆ ಫೋನ್ ಕೆಲಸ ಮಾಡಲಿಲ್ಲ. ಭಾವ ಬೆರಳೆಣಿಕೆಯಲ್ಲೇ ಹೇಳುತ್ತಿದ್ದರು. ಕೊನೆಗೆ ಅಮೆರಿಕಕ್ಕೆ 16, ಫ್ರಾನ್ಸ್‌ಗೆ 23, ಆಸ್ಟ್ರೇಲಿಯಾಕ್ಕೆ 28. 2011ರ ನಂತರ ಮೊದಲ ಗೆಲುವು. ಪಕ್ಕದಲ್ಲಿದ್ದ ಒಬ್ಬ ಅಜ್ಜ, ಮೈಯೆಲ್ಲ ಕೆಸರು, ಏನೂ ಹೇಳದೆ ಅಳುತ್ತಿದ್ದರು. ಭಾವ ಹೋಗಿ ಅವರ ಕೈ ಕುಲುಕಿದರು, ಕಿತ್ತಳೆ ಟೋಪಿ ಹಾಕಿಕೊಂಡೇ. ನನ್ನ ಕಣ್ಣೂ ಒದ್ದೆಯಾಗಿತ್ತು.

ಪಾರ್ಕಿಂಗ್‌ನಲ್ಲಿ ಕಾರು ಹೂತುಹೋಗಿತ್ತು. ಒಬ್ಬ ರೈತ ಟ್ರ್ಯಾಕ್ಟರ್ ತಂದು ಸಾಲಾಗಿ ಒಂದೊಂದೇ ಕಾರು ಎಳೆದು ರಸ್ತೆಗೆ ಬಿಟ್ಟರು. ಹಣ ಕೊಡಲು ಹೋದರೆ ಬೇಡ ಅಂದರು.

ಸೋಮವಾರ, ಸೆಪ್ಟೆಂಬರ್ 26

ಭಾವನಿಗೆ ಸಂಜೆ ವಿಮಾನ. ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿ ಪೈಪ್ ಹಿಡಿದು ಶೂ ತೊಳೆಯಲು ಕೂತೆವು. ರೆಡ್‌ಬಡ್ ಮಣ್ಣು ಸುಲಭಕ್ಕೆ ಬಿಡುವುದಿಲ್ಲ. ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿದರೂ ಹೊಲಿಗೆಯ ಸಂದಿನಲ್ಲಿ ಕಪ್ಪಾಗಿ ಕೂತಿತ್ತು.

"ಮುಂದಿನ ವರ್ಷ ಫ್ರಾನ್ಸಿನ ಎರ್ನೇಯಲ್ಲಿ. ಹರ್ಲಿಂಗ್ಸ್ ವಾಪಸ್ ಬರ್ತಾನೆ. ಆಮೇಲೆ ಮಾತಾಡೋಣ" ಎಂದರು. "ಅಲ್ಲಿ ನೆಲ ಗಟ್ಟಿ. ನಿಮ್ಮೋರಿಗೆ ಕಷ್ಟ ಆಗುತ್ತೆ."

"ಟೋಮ್ಯಾಕ್ ಬಂದ್ರೆ ನೋಡಿ ಭಾವ."

ಅವರು ಶೂ ಒಳಗಿನ ಹಾಳೆ ಎತ್ತಿ ಕೊಡವಿದರು. ಕಪ್ಪು ಮಣ್ಣಿನ ಜೊತೆ ಬಿಳಿ ಮರಳೂ ಕಾಂಕ್ರೀಟಿನ ಮೇಲೆ ಬಿತ್ತು. ಜುಲೈನಲ್ಲಿ ಲೊಮ್ಮೆಲ್‌ಗೆ ಇದೇ ಶೂ ಹಾಕಿಕೊಂಡು ಹೋಗಿದ್ದರಂತೆ. ನಾನು ಪೈಪ್ ತಿರುಗಿಸಿದೆ. ಎರಡೂ ಹುಲ್ಲಿನ ಕಡೆಗೆ ಹರಿದು ಹೋದವು.